ಪದ ಬೇಕು: ಸೇನೆಯಲ್ಲಿನ ‘ಸೀನಿಯಾರಿಟಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.
ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಒಂದು ಬರಹ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. 1777ರ ಫೆಬ್ರವರಿಯಲ್ಲಿ ಕಾಂಗ್ರೆಸ್ (ದಂಗೆಯೆದ್ದ ಅಮೆರಿಕನ್ ರಾಜ್ಯಗಳ ಪ್ರತಿನಿಧಿ ಸಭೆ) ಐವರನ್ನು ಮೇಜರ್ ಜನರಲ್ ಮಾಡಿತು. ಐವರೂ ದರ್ಜೆಯ ಸಾಲಿನಲ್ಲಿ (ವಯಸ್ಸಿನಲ್ಲಲ್ಲ) ಬ್ರಿಗೇಡಿಯರ್ ಬೆನೆಡಿಕ್ಟ್ ಅರ್ನಾಲ್ಡ್‌ಗಿಂತ ಕಿರಿಯರು. ಮೇ ತಿಂಗಳಲ್ಲಿ ಆತನಿಗೂ ಬಡ್ತಿ ಸಿಕ್ಕಿತು, ಆದರೆ ಸೀನಿಯಾರಿಟಿ ಸಿಗಲಿಲ್ಲ. ಆ ಐವರ ಕೆಳಗೇ ಉಳಿದ. ‘ಜ್ಯೇಷ್ಠತೆ’ ಹಾಕಲೇ, ‘ಹಿರಿತನ’ ಹಾಕಲೇ?

---
ಹಿರಿತನ. ಕೇಳುವುದೇನಿದೆ ಇದರಲ್ಲಿ? ‘ಜ್ಯೇಷ್ಠ’ ಅಂದರೆ ಎಲ್ಲರಿಗಿಂತ ದೊಡ್ಡವನು, ಒಬ್ಬನೇ. ಅದನ್ನು ಆರು ಜನಕ್ಕೆ ಹಂಚುವುದು ಸಂಸ್ಕೃತಕ್ಕೂ ಅನ್ಯಾಯ.

---
> ಹಿರಿತನ.

ಓದುಗರು ವಯಸ್ಸು ಅಂದುಕೊಳ್ಳುತ್ತಾರೆ ಸರ್. 1775ರಲ್ಲಿ ಪಟ್ನಮ್‌ನನ್ನು ಮೇಜರ್ ಜನರಲ್ ಮಾಡಿ, ಸ್ಪೆನ್ಸರ್‌ನನ್ನು ಅದಕ್ಕಿಂತ ಕೆಳಗಿನ ಬ್ರಿಗೇಡಿಯರ್ ಮಾತ್ರ ಮಾಡಿದರು. ಆತ ಸಿಟ್ಟಿನಲ್ಲಿ ಶಿಬಿರ ಬಿಟ್ಟು ಊರಿಗೆ ಹೋದ (ಆಮೇಲೆ ವಾಪಸ್ ಬಂದ ಅನ್ನಿ). ವಯಸ್ಸಲ್ಲೂ ಸ್ಪೆನ್ಸರನೇ ದೊಡ್ಡವನು! ಆದರೆ ಜಗಳ ಅದಕ್ಕಲ್ಲ. ಇಬ್ಬರ ತವರಾದ ಕನೆಕ್ಟಿಕಟ್ ತನ್ನ ಪಡೆಯಲ್ಲಿ ಸ್ಪೆನ್ಸರ್‌ನನ್ನು ಪಟ್ನಮ್‌ಗಿಂತ ಮೇಲಿಟ್ಟಿತ್ತು. ‘ಸೇವಾ ಜ್ಯೇಷ್ಠತೆ’ ಬರೆಯಿರಿ. ಸರ್ಕಾರಿ ನೌಕರರಿಗೆಲ್ಲ ಗೊತ್ತಿರುವ ಪದ.

---
ಕಚೇರಿ ಸುತ್ತೋಲೆ ಕನ್ನಡ ಅಲ್ಲ. ಹಳಗನ್ನಡದ ‘ಪಿರಿ’ಗೆ ದೊಡ್ಡದು ಅಂತ ಅರ್ಥ. ‘ಹಿರಿದು’ ಅನ್ನುವಾಗ ಯಾರ ವಯಸ್ಸು ನೋಡುತ್ತೀರಿ?

---
ಜನರಲ್, ಬ್ರಿಗೇಡಿಯರ್, ಕಾಂಗ್ರೆಸ್ ಎಲ್ಲ ಒಳಗೆ ಬಿಟ್ಟುಕೊಂಡು ಸೀನಿಯಾರಿಟಿಗೆ ಮಾತ್ರ ಮಡಿ ಯಾಕೆ? ‘ಬಡ್ತಿ’ಯೇನು ಅಚ್ಚಗನ್ನಡವಾ? ಮರಾಠಿ, ಹಿಂದಿ ಕಡೆಯ ‘ಬಢತಿ’ ಅದು. ಫೌಜು, ಸಿಪಾಯಿ, ಜಮಾದಾರ? ದಂಡಿನ ಪದಗಳೆಲ್ಲ ಹೀಗೇ ಬಂದಿರುವುದು.

---
ಬಂದದ್ದನ್ನೆಲ್ಲ ಇಟ್ಟುಕೊಳ್ಳಬೇಕು ಅಂತಿಲ್ಲ. ನನ್ನ ಕಡೆಯಿಂದ ಇಷ್ಟೇ.

---
ಸುಮ್ನೆ ಜಗಳ ಬೇಡ. ‘ಸೇವಾ’ ಸೇರಿಸಿದರೆ ತಪ್ಪಾಗುತ್ತದೆ. ಎಷ್ಟು ವರ್ಷ ದುಡಿದ ಅನ್ನುವುದಲ್ಲ, ಆ ದರ್ಜೆಯ ನೇಮಕಪತ್ರದ ಮೇಲೆ ಯಾವ ದಿನಾಂಕ ಇದೆ ಅನ್ನುವುದೇ ಲೆಕ್ಕ. ಫೆಬ್ರವರಿಯಲ್ಲಿ ಕಾಂಗ್ರೆಸ್ ಯಾವ ರಾಜ್ಯ ಎಷ್ಟು ಸೈನಿಕರನ್ನು ಕೊಟ್ಟಿದೆ ಅಂತಲೂ ನೋಡಿತ್ತು. ಕನೆಕ್ಟಿಕಟ್‌ಗೆ ಆಗಲೇ ಇಬ್ಬರು ಮೇಜರ್ ಜನರಲ್‌ಗಳಿದ್ದರು, ಅದೇ ಪಟ್ನಮ್ ಮತ್ತು ಅಷ್ಟರಲ್ಲಿ ಬಡ್ತಿ ಪಡೆದಿದ್ದ ಸ್ಪೆನ್ಸರ್. ಅರ್ನಾಲ್ಡ್ ಕೂಡ ಅಲ್ಲಿಯವನೇ. ಸರಟೋಗ ಕದನ ಗೆದ್ದ ಮೇಲೆ ಅವನ ನೇಮಕದ ದಿನಾಂಕವನ್ನೇ ಹಿಂದಕ್ಕೆ ಹಾಕಿ ಸರಿಮಾಡಿದರು. ‘ದರ್ಜೆ ಸಿಕ್ಕಿತು, ಹಿರಿತನ ಸಿಗಲಿಲ್ಲ’ ಅನ್ನಿ. ಮೊದಲ ಸಲ ಬರುವಾಗ ‘ನೇಮಕದ ದಿನಾಂಕದ ಹಿರಿತನ’ ಅಂತ ಬಿಡಿಸಿ ಬರೆದರೆ ಸಾಕು.

---
ಹಾಗೇ ಹಾಕುತ್ತೇನೆ ಮೇಡಂ, ಥ್ಯಾಂಕ್ಸ್. ಇನ್ನೊಂದು: ಅದೇ ವರ್ಷ ಜಾನ್ ಸ್ಟಾರ್ಕ್‌ನನ್ನು ಬಿಟ್ಟು ಎನಾಕ್ ಪೂರ್‌ನನ್ನು ಬ್ರಿಗೇಡಿಯರ್ ಮಾಡಿದಾಗ ಸ್ಟಾರ್ಕ್ ರಾಜೀನಾಮೆ ಕೊಟ್ಟ. ಈ ‘ಸೂಪರ್‌ಸೀಡ್’ಗೆ ‘ದಾಟಿಸಿ ಬಡ್ತಿ’ ನಡೆಯುತ್ತಾ?