ಪ್ಯಾಪ್ ನಾರ್ಮಲ್ ಬಂದಿದೆ, ರಕ್ತ ನಿಂತಿಲ್ಲ: ಅನುಭವ ಇದ್ದವರು ಹೇಳಿ

ಡೊಂಬಿವಲಿ: ಅಮ್ಮನಿಗೆ 58. ಮುಟ್ಟು ನಿಂತು ವರ್ಷಗಳಾದವು, ಈಗ ಮತ್ತೆ ರಕ್ತ ಕಾಣಿಸ್ತಿದೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ಬ್ರಷ್‌ನಿಂದ ತೆಗೆದು ಕ್ಯಾನ್ಸರ್ ಸುಳಿವು ಹುಡುಕೋ ಟೆಸ್ಟ್) ರಿಪೋರ್ಟಲ್ಲಿ ‘ಇನ್‌ಫ್ಲಮೇಷನ್, ಕ್ಯಾನ್ಸರ್ ಇಲ್ಲ’ ಅಂತಿದೆ. ಬಯಾಪ್ಸಿ (ಚೂರು ಮಾಂಸ ತೆಗೆದು ಪರೀಕ್ಷೆ) ಮಾಡಿಸಲೇಬೇಕಾ?

ಮುಲುಂಡ್: ನಮ್ಮ ಅತ್ತಿಗೆಗೂ ಇದನ್ನೇ ಬರೆದುಕೊಟ್ಟಿದ್ದರು. ಸ್ಮಿಯರ್ 900 ರೂಪಾಯಿ, ಸೋನೋಗ್ರಫಿ 1,800, ಆ್ಯಂಟಿಬಯಾಟಿಕ್ 640, ಮತ್ತೆ ಸ್ಮಿಯರ್ 900. ಎರಡೂ ನಾರ್ಮಲ್! ಬೇರೆ ಡಾಕ್ಟರು ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡೋ ಸಾಧನ) ಹಾಕಿದ ಕೂಡಲೇ ‘ಗಡ್ಡೆ ಕಣ್ಣಿಗೇ ಕಾಣ್ತಿದೆಯಲ್ಲಮ್ಮಾ, ನೇರ ಬಯಾಪ್ಸಿ ಮಾಡಬೇಕಿತ್ತು’ ಅಂದರು. ಗರ್ಭಕಂಠದ ಕ್ಯಾನ್ಸರ್, ಸ್ಟೇಜ್ 2ಬಿ, ಅಂದರೆ ಪಕ್ಕದ ಅಂಗಾಂಶಕ್ಕೂ ಹಬ್ಬಿತ್ತು. ಆಪರೇಷನ್ ಆಗಲ್ಲ, ರೇಡಿಯೇಷನ್ ಮತ್ತು ಕೀಮೋ. ಗಡ್ಡೆ ಮೇಲೆ ಇರೋದು ರಕ್ತ, ಕೀವು, ಸತ್ತ ಜೀವಕೋಶ. ಬ್ರಷ್‌ಗೆ ಅದೇ ಬರುತ್ತೆ, ಕ್ಯಾನ್ಸರ್ ಕೋಶ ಅದರಡಿ ಮುಚ್ಚಿಹೋಗುತ್ತೆ.

ಕೊಥ್ರೂಡ್: ಹೀಗೆ ಹೆದರಿಸಬೇಡಿ. ನನ್ನನ್ನು ಉಳಿಸಿದ್ದೇ ಪ್ಯಾಪ್. ‘ಹೈ ಗ್ರೇಡ್’ (ಕ್ಯಾನ್ಸರ್‌ಗೆ ಮುಂಚಿನ ತೀವ್ರ ಬದಲಾವಣೆ) ಬಂತು, ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದು ಮಾಡಿ ನೋಡೋದು), ಆಮೇಲೆ ಲೀಪ್ (ಕೆಟ್ಟ ಭಾಗವನ್ನು ಕರೆಂಟ್ ತಂತಿಯಿಂದ ಕತ್ತರಿಸಿ ತೆಗೆಯೋದು). ಒಟ್ಟು 42,000. ಕಾಲ್ಪೊಸ್ಕೋಪಿಯ 4,500 ಇನ್ಶೂರೆನ್ಸ್‌ನವರು ಇವತ್ತಿಗೂ ಕೊಟ್ಟಿಲ್ಲ.

ಮುಲುಂಡ್: ನಿಮಗೆ ರಕ್ತ ಹೋಗ್ತಿತ್ತಾ? ಇಲ್ಲ ತಾನೇ? ಲಕ್ಷಣ ಇಲ್ಲದವರನ್ನು ಸೋಸೋದಕ್ಕೆ ಇರೋ ಟೆಸ್ಟ್ ಅದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಡಗಾಂವ್: ನನ್ನದು ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್), ಗರ್ಭಕಂಠದ ಒಳನಾಳದಲ್ಲಿ. ಅಲ್ಲಿ ಬ್ರಷ್ ಸರಿಯಾಗಿ ತಲುಪಲ್ಲ, ಸ್ಮಿಯರ್ ಎಲ್ಲಾ ಕ್ಲೀನ್. ಹಿಡಿದಿದ್ದು ಎಚ್‌ಪಿವಿ (ಈ ಕ್ಯಾನ್ಸರ್ ತರೋ ವೈರಸ್) ಡಿಎನ್‌ಎ ಟೆಸ್ಟ್, ಟೈಪ್ 18. ಮಹಾರಾಷ್ಟ್ರದ ಉಸ್ಮಾನಾಬಾದಿನ (ಈಗಿನ ಧಾರಾಶಿವ) 1.3 ಲಕ್ಷ ಹೆಂಗಸರ ಅಧ್ಯಯನ 2009ರಲ್ಲೇ ಬಂದಿದೆ: ಒಂದೇ ಸಲದ ಎಚ್‌ಪಿವಿ ಟೆಸ್ಟ್‌ನಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕಿಳಿಯಿತು, ಪ್ಯಾಪ್‌ನಿಂದ ಹಾಗೆ ಇಳಿಯಲಿಲ್ಲ. ಆದರೂ ಇವತ್ತಿಗೂ ಪ್ಯಾಪನ್ನೇ ಬರೆಯುವ ಡಾಕ್ಟರರನ್ನು ಕಂಡರೆ ಮೈ ಉರಿಯುತ್ತೆ.

ಚೆಂಬೂರು: ಎಚ್‌ಪಿವಿ ಟೆಸ್ಟ್ ಮಾಡಿಸೋಷ್ಟು ದುಡ್ಡು ಎಲ್ಲರ ಕೈಲೂ ಇರುತ್ತಾ ಅಕ್ಕಾ? ಮುಂಬೈ ಜೋಪಡಿಗಳಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಹತ್ತನೇ ಕ್ಲಾಸ್ ಓದಿದ ಹೆಂಗಸರಿಗೆ ಕಲಿಸಿ, ಗರ್ಭಕಂಠಕ್ಕೆ ವಿನೆಗರ್ ಹಚ್ಚಿ, ಬೆಳ್ಳಗಾಗೋ ಜಾಗ ನೋಡಿಸಿ, ಈ ಕ್ಯಾನ್ಸರಿನ ಸಾವು 31% ಇಳಿಸಿದರು. ನಮ್ಮ ಚಿಕ್ಕಮ್ಮನಿಗೂ ಕ್ಯಾಂಪಲ್ಲಿ ವಿನೆಗರ್‌ನಿಂದಲೇ ಗೊತ್ತಾಗಿದ್ದು.

ಮಡಗಾಂವ್: 58 ಆದವರಿಗೆ ವಿನೆಗರ್ ಹೇಳ್ತೀರಲ್ಲ! ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತೆ.

ಚೆಂಬೂರು: ಅವರಮ್ಮನಿಗೆ ಮಾಡಿಸಿ ಅಂತ ನಾನೆಲ್ಲಿ ಹೇಳಿದೆ? ಓದಿ ಮಾತಾಡಿ.

ಕೊಥ್ರೂಡ್: ಕಾಲ್ಪೊಸ್ಕೋಪಿ ಕ್ಲೇಮ್ ಯಾರಿಗಾದ್ರೂ ಪಾಸಾಗಿದೆಯಾ?

ಮುಲುಂಡ್: ಅದನ್ನ ಬೇರೆ ಕಡೆ ಕೇಳಿ. ಡೊಂಬಿವಲಿಯವರೇ, ಬಯಾಪ್ಸಿ ಬೇಕೇ ಬೇಕು. ಗರ್ಭಕೋಶದ ಒಳಪದರವನ್ನೂ ನೋಡಿಸಿ, ರಕ್ತ ಅಲ್ಲಿಂದಲೂ ಬರಬಹುದು. ಲ್ಯಾಬ್‌ನಿಂದ ಸ್ಲೈಡ್ (ಜೀವಕೋಶ ಇಟ್ಟ ಗಾಜಿನ ಪಟ್ಟಿ) ಕೇಳಿ ತಗೊಂಡು ಹೋಗಿ, ದೊಡ್ಡಾಸ್ಪತ್ರೆಯಲ್ಲಿ ಬರೀ ರಿಪೋರ್ಟ್ ಕಾಗದ ಸಾಲಲ್ಲ.