ಶೋರೀಲ್ (ಕೆಲಸ ಕೇಳಲು ಕಳಿಸುವ, ನನ್ನ ಕೆಲಸದ ತುಣುಕುಗಳ ವಿಡಿಯೋ) ನೋಡಿದವರು ‘ಇದರಲ್ಲಿ ನೀವು ಮಾಡಿದ್ದು ಯಾವುದು?’ ಅಂತ ಕೇಳಿದರು. ಏನು ಬದಲಿಸಲಿ?

ತದಡಿ ದಂಡೆ:

ನಮಸ್ಕಾರ. ನಾನು ಕುಮಟಾ ತಾಲೂಕಿನವಳು, ವಯಸ್ಸು 23. ಮೂರು ವರ್ಷದಿಂದ ಒಂದು ಸ್ಟುಡಿಯೋ ಜೊತೆ ಮದುವೆ, ಮುಂಜಿ, ಗೃಹಪ್ರವೇಶದ ವಿಡಿಯೋ ಮಾಡುತ್ತಿದ್ದೇನೆ. ಡಾಕ್ಯುಮೆಂಟರಿಗೆ ಕ್ಯಾಮೆರಾ ಮಾಡಬೇಕು ಅನ್ನುವುದು ನನ್ನ ಆಸೆ. ಅಲ್ಲಿಗೆ ಹೋಗುವ ದಾರಿ ಗೊತ್ತಾಗುತ್ತಿಲ್ಲ.

ಪೂರ್ತಿ ನನ್ನದು ಅಂತ ಹೇಳಬಹುದಾದ ಕೆಲಸ ಒಂದೇ. ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಲ್ಲಿ ಸಿಗುವ ಚಿಪ್ಪುಮೀನು) ಆರಿಸುವ ಹೆಂಗಸರ ಬಗ್ಗೆ 11 ನಿಮಿಷದ ಫಿಲ್ಮ್. ನೀರು ಇಳಿದಾಗಲೇ ಅವರು ಹೊಳೆಗೆ ಇಳಿಯುವುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಬೆಳಗಿನ ಎಳೆ ಬಿಸಿಲೂ ಇಳಿತವೂ ಒಟ್ಟಿಗೆ ಸಿಗುವುದು ಹದಿನೈದು ದಿನಕ್ಕೊಮ್ಮೆ, ಅದೂ ಎರಡು ಮೂರು ದಿನ ಮಾತ್ರ. ಅಷ್ಟಕ್ಕಾಗಿ ಐದು ತಿಂಗಳು ಓಡಾಡಿದೆ. ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿದೆ. ಜೊತೆಗೆ ಮೀನು ಮಾರ್ಕೆಟ್ಟಲ್ಲಿ ಕೂತು ಇದ್ದಿಲಲ್ಲಿ ಬಿಡಿಸಿದ ಚಿತ್ರಗಳಿವೆ, ಎರಡು ಪುಸ್ತಕ ತುಂಬ.

ಶೋರೀಲ್ 4 ನಿಮಿಷ 40 ಸೆಕೆಂಡ್ ಇದೆ. ಮುರ್ಡೇಶ್ವರದ ಡ್ರೋನ್ ಶಾಟ್, ಯಾಣದ ಬಂಡೆ, ಮದುವೆಗಳು, ಬಳಚು, ಹಿನ್ನೆಲೆಗೆ ಒಂದು ಸಿನಿಮಾ ಹಾಡು. ಒಂಬತ್ತು ಕಡೆ ಕಳಿಸಿದೆ. ಒಬ್ಬರು ಮಾತ್ರ ಉತ್ತರ ಬರೆದರು, ಮೇಲಿನ ಪ್ರಶ್ನೆ ಅವರದ್ದೇ. ಅದು ಮನಸ್ಸಿಂದ ಹೋಗುತ್ತಿಲ್ಲ. ಮದುವೆ ಕೆಲಸ ಪೂರ್ತಿ ತೆಗೆದುಬಿಡಲಾ? ಚಿತ್ರಗಳನ್ನು ಸೇರಿಸಬಹುದಾ? ರೀಲ್, ಫಿಲ್ಮ್, ಚಿತ್ರಗಳ ಲಿಂಕ್ ಹಾಕಿದ್ದೇನೆ.

ಶಿರಸಿ ಕತ್ತರಿ:

ತಂಗಿ, ಎರಡು ಸಲ ನೋಡಿದೆ. ನಾನು ಶಿರಸಿಯವನು, ಬೆಂಗಳೂರಲ್ಲಿ ಎಡಿಟರ್. ಕ್ಯಾಮೆರಾದವರನ್ನು ಆರಿಸುವಾಗ ನಮ್ಮ ಟೇಬಲ್ಲಿಗೂ ಲಿಂಕ್ ಬರುತ್ತವೆ, ಹಾಗಾಗಿ ಹೇಳುತ್ತೇನೆ.

3 ನಿಮಿಷ 10ನೇ ಸೆಕೆಂಡಿಗೆ ಒಂದು ಶಾಟ್ ಇದೆ. ಸೊಂಟದವರೆಗಿನ ನೀರಲ್ಲಿ ಒಬ್ಬರು ಕಾಲಲ್ಲೇ ಕೆಸರು ತಡವುತ್ತಾರೆ, ತಟ್ಟನೆ ನಿಲ್ಲುತ್ತಾರೆ, ಬಗ್ಗುತ್ತಾರೆ. ನೀನು ಅಲ್ಲಿಗೇ ಕತ್ತರಿಸಿ ಮದುವೆ ಮಂಟಪಕ್ಕೆ ಹೋಗಿದ್ದೀಯ. ನನಗೆ ಜೀವ ಹೋದ ಹಾಗಾಯಿತು! ಅವರ ಕೈಗೆ ಏನು ಸಿಕ್ಕಿತು? ಫಿಲ್ಮಿನಲ್ಲಿ ಹುಡುಕಿದೆ. ಅಲ್ಲಿ ಆ ಶಾಟ್ 38 ಸೆಕೆಂಡ್ ಇದೆ, ಕ್ಯಾಮೆರಾ ಅಲುಗುವುದೂ ಇಲ್ಲ. ಆ 38 ಸೆಕೆಂಡನ್ನು ಹಾಗೇ, ನೀರಿನ ಸದ್ದಿನ ಸಮೇತ, ಎಲ್ಲಕ್ಕಿಂತ ಮೊದಲು ಇಡು. ಡಾಕ್ಯುಮೆಂಟರಿ ಮಾಡುವವರಿಗೆ ಬೇಕಾದದ್ದು ಕಾಯುವ ತಾಳ್ಮೆ ಇರುವ ಕ್ಯಾಮೆರಾ. ನಿನಗೆ ಅದಿದೆ, ರೀಲಿನಲ್ಲಿ ಅದನ್ನೇ ಮುಚ್ಚಿಟ್ಟಿದ್ದೀಯ.

ಮುರ್ಡೇಶ್ವರ, ಯಾಣ ತೆಗೆ. ಅವು ಎಲ್ಲರ ಹತ್ತಿರ ಇವೆ. ಹಾಡೂ ಬೇಡ. ಹಕ್ಕು ನಿನ್ನದಲ್ಲ, ಯೂಟ್ಯೂಬ್ ತಡೆದರೆ ಲಿಂಕೇ ತೆರೆಯುವುದಿಲ್ಲ. ಒಟ್ಟು ಎರಡು ನಿಮಿಷ ಸಾಕು. ಅದರ ಕೆಳಗೆ ಪೂರ್ತಿ ಫಿಲ್ಮ್ ಇರಲಿ.

ಅವರ ಪ್ರಶ್ನೆಯನ್ನು ಚುಚ್ಚುಮಾತು ಅಂದುಕೊಳ್ಳಬೇಡ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ಪ್ರತಿ ತುಣುಕಿನ ಕೆಳಗೆ ಒಂದು ಸಾಲು ಬರೆ: ‘ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನದು, ಸೌಂಡ್ ಗೆಳತಿಯದು.’ ಎರಡನೇ ಕ್ಯಾಮೆರಾ ಹಿಡಿದಿದ್ದರೆ ಎರಡನೇ ಕ್ಯಾಮೆರಾ ಅಂತಲೇ ಬರೆ. ಡ್ರೋನ್ ಯಾರೋ ಹಾರಿಸಿದ್ದು ಅಲ್ವಾ? ಅದು ನಿನ್ನ ಹೆಸರಿನಡಿ ಇರಬಾರದು.

ಮದುವೆ ಪೂರ್ತಿ ಬಿಡಬೇಡ. ಧಾರೆ ಎರೆಯುವ ಹೊತ್ತಿನ ಒಂದೇ ಒಂದು ತುಣುಕು ಇಡು. ಗದ್ದಲ, ಹೊಗೆ, ಕೆಟ್ಟ ಬೆಳಕು, ರೀಟೇಕ್ ಇಲ್ಲ. ಅಲ್ಲಿ ಫೋಕಸ್ ತಪ್ಪದವಳು ಹೊಳೆಯಲ್ಲೂ ತಪ್ಪುವುದಿಲ್ಲ. ಆದರೆ ಮನೆಯವರಿಂದಲೂ ಸ್ಟುಡಿಯೋದಿಂದಲೂ ಬರಹದಲ್ಲಿ ಒಪ್ಪಿಗೆ ತಗೋ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿಕೊಂಡ ಫಿಲ್ಮಿನ ಮೊದಲ ಹಕ್ಕು ಮಾಡಿಸಿಕೊಂಡವರದ್ದು. ಶೂಟ್ ಮಾಡಿದವರದ್ದಲ್ಲ.

ಇನ್ನೊಂದು. ಒಳಗೆ ಕೂತು ಮಾತಾಡಿಸಿದ ಕಡೆ ಟ್ಯೂಬ್‌ಲೈಟ್ ಮಿಣುಕುತ್ತಿದೆ. ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಆ ತೊಂದರೆ ಇರುವುದಿಲ್ಲ. ಈಗಿರುವುದನ್ನು ರೀಲಿಗೆ ಹಾಕಬೇಡ.

ಕಾರವಾರದ ಕುಂಚ:

ಮಗಾ, ನಾನು ಚಿತ್ರಕಲೆ ಟೀಚರ್. ಕತ್ತರಿಯವರು ಚಿತ್ರದ ಪುಸ್ತಕ ಮರೆತರು, ನಾನು ಅದರ ಬಗ್ಗೆ ಹೇಳುತ್ತೇನೆ.

ಚಿತ್ರಗಳಿಗೆ ಬೇರೆ ಪುಟ ಬೇಡ. ಫಿಲ್ಮಿನ ಪಕ್ಕದಲ್ಲೇ ಇಡು. ಬುಟ್ಟಿ ಹೊತ್ತ ಹೆಂಗಸಿನ ಬೆನ್ನು ಬಿಡಿಸಿದ್ದೀಯಲ್ಲ, ಫಿಲ್ಮಿನ ಕೊನೆಯ ಶಾಟಿನಲ್ಲೂ ಅದೇ ಬೆನ್ನು, ಅದೇ ಕೋನ. ಮೊದಲು ಕೈಯಲ್ಲಿ ಬಿಡಿಸಿ, ಆಮೇಲೆ ಕ್ಯಾಮೆರಾ ಎಲ್ಲಿಡಬೇಕು ಅಂತ ತೀರ್ಮಾನಿಸಿದ್ದೀಯ. ನೀವು ಮಾಡಿದ್ದು ಯಾವುದು ಅಂತ ಕೇಳಿದವರಿಗೆ ಅದಕ್ಕಿಂತ ನೇರ ಉತ್ತರ ಯಾವುದಿದೆ? ಎಲ್ಲ ಚಿತ್ರ ಹಾಕಬೇಡ. ಆರೋ ಏಳೋ ಸಾಕು.

ಫೋಟೋ ತೆಗೆಯುವಾಗ ಜಗುಲಿಯ ನೆರಳಲ್ಲಿ ಇಟ್ಟು ತೆಗೆ. ನೇರ ಬಿಸಿಲೂ ಬೇಡ, ಫ್ಲ್ಯಾಷೂ ಬೇಡ. ಕೆಳಗೆ ಅಳತೆ, ಮಾಧ್ಯಮ, ವರ್ಷ ಬರೆ. ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮುಗಿಸು. ಕರಾವಳಿ ಥಂಡಿಗೆ ಕಾಗದ ಬೂಸಲು ಹಿಡಿಯುತ್ತದೆ. ನನ್ನ ಒಂದು ಟ್ರಂಕು ಚಿತ್ರ ಹಾಗೇ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಡ್ರೋನ್ ಮಾತು ಬಂತಲ್ಲ, ನಮ್ಮ ಕಾರವಾರ ನೌಕಾನೆಲೆ ಇರುವ ಊರು. ಸರ್ಕಾರದ ಡ್ರೋನ್ ನಕ್ಷೆ ಡಿಜಿಟಲ್ ಸ್ಕೈಯಲ್ಲಿ ಕೆಂಪು ವಲಯ (ಅನುಮತಿ ಇಲ್ಲದೆ ಹಾರಿಸಬಾರದ ಜಾಗ) ನೋಡದೆ ಇಲ್ಲಿ ಏನನ್ನೂ ಹಾರಿಸಬೇಡ.

ಕೆಲಸ ಕೇಳುವುದರ ಜೊತೆಗೆ ಅನುದಾನಕ್ಕೂ ಬರೆ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, 1993ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಅರ್ಜಿ ಬರೆಯಬಹುದು. ನೀನು ಇಳಿತದ ಬಗ್ಗೆ ಇಲ್ಲಿ ಬರೆದ ನಾಲ್ಕು ಸಾಲು ಇದೆಯಲ್ಲ, ಅಲ್ಲಿಂದಲೇ ಶುರು ಮಾಡು.

ತದಡಿ ದಂಡೆ:

ಅಣ್ಣ, ಟೀಚರ್, ಇಬ್ಬರ ಉತ್ತರವನ್ನೂ ಅಮ್ಮನಿಗೆ ಓದಿ ಹೇಳಿದೆ. ಡ್ರೋನ್ ಸ್ಟುಡಿಯೋದ ಹುಡುಗನದ್ದೇ. ತೆಗೆದೆ. ಈಗ 1 ನಿಮಿಷ 52 ಸೆಕೆಂಡ್ ಇದೆ, ಬಳಚಿನಿಂದಲೇ ಶುರು. ಧಾರೆಯ ತುಣುಕಿಗೆ ಮದುಮಗಳ ಮನೆಯವರು ಖುಷಿಯಿಂದ ಸಹಿ ಹಾಕಿದರು. ಸ್ಟುಡಿಯೋ ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ಅದನ್ನು ಸೇರಿಸುವುದಿಲ್ಲ.

ಒಂದು ಸಂಶಯ. ಇಂಗ್ಲಿಷ್ ಸಬ್‌ಟೈಟಲ್ ಮಾಡುತ್ತಿದ್ದೇನೆ. ಬಳಚಿಗೆ ಇಂಗ್ಲಿಷ್ ಪದ ಹಾಕಲಾ, ಬಳಚು ಅಂತಲೇ ಇಡಲಾ?

ಶಿರಸಿ ಕತ್ತರಿ:

ಬಳಚು ಅಂತಲೇ ಇಡು. 38 ಸೆಕೆಂಡ್ ಮುಗಿಯುವಾಗ ಅವರ ಅಂಗೈ ಕಾಣುತ್ತದೆ. ಅದೇನು ಅಂತ ನೋಡಿದವರಿಗೆ ಗೊತ್ತಾಗುತ್ತದೆ.