ಗಿರಿರಾಜ ಹೇಂಟೆ ಮೊಟ್ಟೆ ನಿಲ್ಲಿಸಿದೆ, ಹೊಟ್ಟೆ ಜೋತುಬಿದ್ದಿದೆ: ಏನು ಮಾಡೋದು?

ಹಿತ್ತಲಮನೆ, ಮೈಸೂರು

ಹಿತ್ತಲಲ್ಲಿ ಐದು ಹೇಂಟೆ ಇವೆ: ಎರಡು ಗಿರಿರಾಜ, ಮೂರು ನಾಟಿ. ಹುಂಜ ಇಲ್ಲ. ಒಂದು ಗಿರಿರಾಜಕ್ಕೆ ಮೂರು ವರ್ಷ ದಾಟಿದೆ. ದಸರಾ ಕಳೆದ ಮೇಲೆ ಅದು ಮೊಟ್ಟೆ ಪೂರ್ತಿ ನಿಲ್ಲಿಸಿದೆ. ತಿನ್ನುತ್ತೆ, ಆದರೆ ಹೊಟ್ಟೆ ಜೋತುಬಿದ್ದಿದೆ, ಕಾಲು ಅಗಲಿಸಿ ನಡೆಯುತ್ತೆ, ಕೂರುವ ಕೋಲಿಗೆ ಹತ್ತಲಾರದೆ ನೆಲದಲ್ಲೇ ಮಲಗುತ್ತೆ. ಜುಟ್ಟು ಬಿಳಿಚಿಕೊಂಡಿದೆ. ಇದು ಪುಕ್ಕ ಉದುರುವ ಕಾಲದ ಸುಸ್ತೋ, ಒಳಗೆ ಮೊಟ್ಟೆ ಸಿಕ್ಕಿಕೊಂಡಿದೆಯೋ? ಸಾರು ಮಾಡಿ ಮುಗಿಸು ಅಂತಾರೆ ನಮ್ಮತ್ತೆ. ಮಕ್ಕಳು ಅದಕ್ಕೆ ಗೌರಿ ಅಂತ ಹೆಸರಿಟ್ಟು ಕೂತಿದ್ದಾರೆ.

ಇನ್ನೊಂದು: ನಾಟಿ ಹೇಂಟೆಯೊಂದು ಗೂಡು ಬಿಟ್ಟು ಏಳ್ತಿಲ್ಲ, ಕೈ ಹಾಕಿದರೆ ಕುಕ್ಕುತ್ತೆ. ಕಾವು ಬಿಡಿಸೋದು ಹೇಗೆ? ದಿನಾ ಅನ್ನ, ತೌಡು, ಸ್ವಲ್ಪ ಲೇಯರ್ ಫೀಡ್ (ಮೊಟ್ಟೆ ಕೋಳಿಗಳ ಮೇವು) ಹಾಕ್ತೀವಿ.

ಕೋಳಿಗೂಡು, ತುಮಕೂರು

ಮೇಡಂ, ವರ್ಷ ದಾಟಿದ ಹೇಂಟೆಗಳು ಹಗಲು ಕಡಿಮೆಯಾಗುವ ಈ ತಿಂಗಳುಗಳಲ್ಲಿ ಪುಕ್ಕ ಉದುರಿಸಿ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲಿಸೋದು ಸಹಜ. ಆಗ ಕತ್ತಿನ ಮೇಲೆ, ಬೆನ್ನ ಮೇಲೆ ಮುಳ್ಳಿನಂತೆ ಹೊಸ ಗರಿ ಮೊಳೆಯುತ್ತಿರುತ್ತೆ. ಆದರೆ ಪುಕ್ಕ ಉದುರಿಸೋ ಕೋಳಿ ಕಾಲು ಅಗಲಿಸಿ ನಡೆಯಲ್ಲ. ಮೊಟ್ಟೆ ಸಿಕ್ಕಿಕೊಂಡ ಕೋಳಿ ವಾರಗಟ್ಟಲೆ ಮೇಯುತ್ತಾ ಇರೋದೂ ಇಲ್ಲ. ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತೆ, ಒಂದೆರಡು ದಿನದಲ್ಲಿ ಇತ್ತಲೋ ಅತ್ತಲೋ ಆಗಿಬಿಡುತ್ತೆ. ಹಾಗಾಗಿ ನನಗೆ ಬೇರೆಯದೇ ಅನುಮಾನ.

ಕತ್ತಲಾದ ಮೇಲೆ ಎತ್ತಿಕೊಳ್ಳಿ, ಒದ್ದಾಡಲ್ಲ. ಮೊದಲು ಎದೆಮೂಳೆ ಸವರಿ: ಎರಡೂ ಬದಿ ಮಾಂಸ ತುಂಬಿದ್ದರೆ ಸರಿ, ಚಾಕುವಿನ ಅಲುಗಿನ ಹಾಗೆ ಚೂಪಾಗಿ ಸಿಕ್ಕರೆ ಒಳಗೆ ರೋಗ ಇರಬಹುದು. ಆಮೇಲೆ ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಸಣ್ಣ ಮೂಳೆ ತುದಿಗಳು ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿದರೆ ಮೊಟ್ಟೆ ಇಡೋ ಕೋಳಿ, ಒಂದೇ ಬೆರಳೂ ಕಷ್ಟ ಅಂದರೆ ಮೊಟ್ಟೆ ನಿಂತಿದೆ. ಕೊನೆಗೆ ಹೊಟ್ಟೆ. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಕೊಬ್ಬು. ಅನ್ನ ತೌಡು ಜಾಸ್ತಿಯಾದರೆ ಗಿರಿರಾಜಕ್ಕೆ ಅದು ಬೇಗ ಏರುತ್ತೆ. ದ್ವಾರದ ಹತ್ತಿರ ಗುಂಡಗೆ ಗಟ್ಟಿಯಾಗಿ ಸಿಕ್ಕರೆ ಮೊಟ್ಟೆ. ನೀರು ತುಂಬಿದ ಬಲೂನಿನಂತೆ ಬಿಗಿಯಾಗಿದ್ದರೆ ಹೊಟ್ಟೆಯಲ್ಲಿ ನೀರು ಸೇರಿದೆ.

ಒಂದು ವೇಳೆ ಮೊಟ್ಟೆಯೇ ಆಗಿದ್ದರೆ: ಮೊಣಕೈಗೆ ಹಿತವಾಗುವಷ್ಟು ಬಿಸಿನೀರು ಟಬ್ಬಿಗೆ ಹಾಕಿ, ಹೊಟ್ಟೆ ಮುಳುಗುವಂತೆ 15–20 ನಿಮಿಷ ಕೂರಿಸಿ. ಒರೆಸಿ, ದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಒಂದನ್ನು ಪುಡಿಮಾಡಿ ಬೆಲ್ಲದ ನೀರಲ್ಲಿ ಕಲಸಿ ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಕುಡಿಸಿ. ಒಮ್ಮೆಲೇ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತೆ. ಆಮೇಲೆ ಕತ್ತಲಾದ, ಬೆಚ್ಚಗಿರೋ ಮಂಕರಿ ಕೆಳಗೆ ಬಿಡಿ. ಗರ್ಭಕೋಶದ ಸ್ನಾಯು ಹಿಂಡೋಕೆ ಕ್ಯಾಲ್ಸಿಯಂ ಬೇಕು, ಅದಕ್ಕೇ ಇಷ್ಟೆಲ್ಲ. ಹೊಟ್ಟೆ ಒತ್ತಿ ತಳ್ಳೋಕೆ ಮಾತ್ರ ಹೋಗಬೇಡಿ. ಒಳಗೇ ಒಡೆದರೆ ಚಿಪ್ಪಿನ ಚೂರು ಕೊಯ್ದು ನಂಜಾಗುತ್ತೆ. ಒಂದು ದಿನದಲ್ಲಿ ಬರದಿದ್ದರೆ ಪಶುವೈದ್ಯರೇ ಗತಿ.

ಮಲ್ನಾಡ್ ನಾಟಿ

ಕಾವಿನ ವಿಷಯಕ್ಕೆ ನನ್ನದೊಂದಿಷ್ಟು. ಗಿರಿರಾಜ ಕಾವಿಗೆ ಕೂರಲ್ಲ, ಆ ಗುಣವನ್ನೇ ತೆಗೆದು ಬೆಳೆಸಿದ ತಳಿ ಅದು. ನಾಟಿ ಕೂತರೆ ಅದರ ಹಣೆಬರಹ. ಹುಂಜ ಇಲ್ಲದ ಮೊಟ್ಟೆ ಮರಿಯಾಗಲ್ಲ, ಆದರೂ ದಿನಕ್ಕೊಂದು ಸಲ ಮಾತ್ರ ಎದ್ದು ನಾಲ್ಕು ಕಾಳು ತಿಂದು ಸೊರಗುತ್ತಾ ಹೋಗುತ್ತೆ.

ಬಿಡಿಸೋದಾದರೆ: ತಳದಲ್ಲಿ ಬರೀ ತಂತಿಜಾಲರಿ ಇರೋ ಪಂಜರವನ್ನು ನಾಲ್ಕು ಇಟ್ಟಿಗೆ ಮೇಲಿಡಿ. ಹುಲ್ಲು, ಗೋಣಿ ಏನೂ ಹಾಸಬೇಡಿ, ಮೇವು ನೀರು ಇರಲಿ. ಎದೆ ಕೆಳಗೆ ಗಾಳಿಯಾಡಿ ಮೈಕಾವು ಇಳಿದರೆ ಮೂರು ನಾಲ್ಕು ದಿನಕ್ಕೆ ಮರೆಯುತ್ತೆ. ಬಿಟ್ಟಾಗ ಸೀದಾ ಗೂಡಿಗೆ ಓಡಿದರೆ ಮತ್ತೊಂದೆರಡು ದಿನ. ನೀರಲ್ಲಿ ಅದ್ದೋದು, ಮೂಗಿಗೆ ಗರಿ ತೂರಿಸೋದು ಇವೆಲ್ಲ ಹಿಂಸೆ, ಬೇಡ.

ಮರಿ ಬೇಕು ಅಂತಿದ್ದರೆ ಇದೇ ಒಳ್ಳೆ ಸಮಯ. ಹುಂಜ ಇರೋ ಮನೆಯಿಂದ 10–12 ಮೊಟ್ಟೆ ತಂದು ರಾತ್ರಿ ಕೆಳಗಿಡಿ, ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿ, ರಕ್ತನಾಳ ಕಾಣದ್ದು ತೆಗೆಯಿರಿ. 21ನೇ ದಿನ ಮರಿ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಲಸಿಕೆ, ಕಣ್ಣಿಗೊಂದು ಹನಿ. ಎಂಟನೇ ವಾರ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು, ರೆಕ್ಕೆ ಕೆಳಗೆ ಚರ್ಮದಡಿಗೆ 0.5 ಮಿಲಿ. ಲಸಿಕೆಯನ್ನು ಐಸ್ ಹಾಕಿದ ಥರ್ಮಾಸಲ್ಲೇ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಮರಿ ಇರೋ ಕಡೆ ಲೇಯರ್ ಫೀಡ್ ಇಡಬೇಡಿ, ಅದರ ಸುಣ್ಣ ಮರಿಗಳ ಮೂತ್ರಪಿಂಡ ಕೆಡಿಸುತ್ತೆ. ತಾಯಿಗೂ ಮರಿ ಫೀಡೇ ಸಾಕು. ಮರಿಗಳು ತಾಯಿಯ ರೆಕ್ಕೆ ಸಂದಿಯಿಂದ ತಲೆ ಹೊರಗೆ ಹಾಕಿ ನೋಡೋದನ್ನ ನಿಮ್ಮ ಮಕ್ಕಳು ಒಮ್ಮೆ ಕಂಡರೆ ಟೀವಿ ಮರೀತಾರೆ, ಅದು ಬೇರೆ.

ಹಿತ್ತಲಮನೆ, ಮೈಸೂರು

ರಾತ್ರಿ ನೋಡಿದೆ. ಗಟ್ಟಿಯಾದದ್ದು ಏನೂ ಇಲ್ಲ, ಹೊಟ್ಟೆ ಬಿಗಿ, ನೀರಿನ ಚೀಲದ ಹಾಗೆ. ಎದೆಮೂಳೆ ಚೂಪಾಗಿದೆ. ಎತ್ತಿದಾಗ ಬಾಯಿ ತೆರೆದು ಉಸಿರಾಡ್ತಿತ್ತು.

ಕೋಳಿಗೂಡು, ತುಮಕೂರು

ಹಾಗಾದರೆ ಹೊಟ್ಟೆನೀರು. ಮೊಟ್ಟೆಯ ಹಳದಿಭಾಗ ಅಂಡನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ನಂಜಾಗಿರಬಹುದು, ಇಲ್ಲಾ ಅಂಡಾಶಯದಲ್ಲಿ ಗೆಡ್ಡೆ. ಎರಡು ವರ್ಷ ದಾಟಿದ, ಮೊಟ್ಟೆ ಚೆನ್ನಾಗಿ ಇಟ್ಟ ಹೇಂಟೆಗಳಲ್ಲಿ ಎರಡೂ ಅಪರೂಪವಲ್ಲ. ಎತ್ತುವಾಗ ಎದೆ ಹೊಟ್ಟೆ ಅಮುಕಬೇಡಿ, ಮಗುಚಿ ಹಿಡಿಯಬೇಡಿ, ಉಸಿರು ಕಟ್ಟುತ್ತೆ. ವೈದ್ಯರು ಸೂಜಿ ಹಾಕಿ ಸ್ವಲ್ಪ ಸ್ವಲ್ಪವಾಗಿ ನೀರು ತೆಗೀತಾರೆ. ಒಂದೇ ಸಲ ಪೂರ್ತಿ ತೆಗೆದರೆ ಅಲ್ಲೇ ಕುಸಿದುಬಿಡಬಹುದು. ತೆಗೆದ ದಿನ ಹಕ್ಕಿ ಹಗುರಾಗಿ ಓಡಾಡುತ್ತೆ, ಆದರೆ ನೀರು ಮತ್ತೆ ತುಂಬುತ್ತೆ. ನಿಜ ಹೇಳಬೇಕಂದರೆ ಇದು ವಾಸಿಯಾಗೋ ಕಾಯಿಲೆ ಅಲ್ಲ.

ಅತ್ತೆಯವರಿಗೆ ಹೇಳಿ, ಈ ಸ್ಥಿತಿಯ ಕೋಳಿ ಅಡುಗೆಗೆ ಆಗದು. ಸಂತೆಗೂ ಕೊಡಬೇಡಿ, ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕುವಾಗಲೇ ಸಾಯುತ್ತೆ. ತಾನಾಗಿ ಬಂದು ತಿನ್ನುತ್ತಾ, ಬೂದಿಮಣ್ಣಲ್ಲಿ ಹೊರಳಾಡುತ್ತಾ ಇರೋವರೆಗೆ ಇಟ್ಟುಕೊಳ್ಳಿ. ಕೂರುವ ಕೋಲನ್ನು ನೆಲದಿಂದ ಅರ್ಧ ಅಡಿಗೆ ಇಳಿಸಿ, ದಿನಾ ಒಣಹುಲ್ಲು ಬದಲಿಸಿ, ಹಿಂಭಾಗಕ್ಕೆ ಹಿಕ್ಕೆ ಅಂಟದಂತೆ ತೊಳೆದು ಒರೆಸಿ, ಇಲ್ಲದಿದ್ದರೆ ನೊಣ ಕೂತು ಹುಳ ಬೀಳುತ್ತೆ. ಮೇವು ಬಿಟ್ಟು ಎರಡು ದಿನವಾದರೆ, ಸುಮ್ಮನೆ ಕೂತಿದ್ದಾಗಲೂ ಬಾಯಿ ತೆರೆದು ಉಸಿರಾಡಿದರೆ, ಉಳಿದವು ಕುಕ್ಕಿದರೂ ಏಳದಿದ್ದರೆ ಕಾಯಬೇಡಿ. ವೈದ್ಯರ ಹತ್ತಿರವೇ ಮುಗಿಸಿ. ಕತ್ತು ತಿರುಚೋದನ್ನ ವಿಡಿಯೋ ನೋಡಿ ಮೊದಲ ಸಲ ಗೌರಿ ಮೇಲೆ ಪ್ರಯೋಗ ಮಾಡಬೇಡಿ, ಅರ್ಧಂಬರ್ಧ ಆದರೆ ಅದಕ್ಕೂ ನರಕ, ನಿಮಗೂ. ಮಕ್ಕಳಿಗೆ ಮೊದಲೇ ನಿಜ ಹೇಳಿ. ಊರಿಗೆ ಕಳಿಸಿದ್ವಿ ಅಂದರೆ ಮುಂದಿನ ರಜೆಯಲ್ಲಿ ಹುಡುಕ್ತಾರೆ. ಹೂಳುವುದಾದರೆ ಮೂರಡಿ ಗುಂಡಿ, ಮೇಲೊಂದು ಚಪ್ಪಡಿ, ನಾಯಿ ಕೆದಕದ ಹಾಗೆ.

ಉಳಿದ ನಾಲ್ಕಕ್ಕೆ ಮೇವು ಬದಲಿಸಿ. ತಲಾ ದಿನಕ್ಕೆ 110–120 ಗ್ರಾಂ ಲೇಯರ್ ಫೀಡ್, ನಾಟಿ ಸಣ್ಣದಿದ್ದರೆ ಇನ್ನೂ ಕಡಿಮೆ. ಅನ್ನ ಎಲ್ಲಕ್ಕೂ ಸೇರಿ ಒಂದು ಹಿಡಿ, ಅದೂ ಸಂಜೆ. ತೌಡು ನಿಲ್ಲಿಸಿದರೂ ನಷ್ಟವಿಲ್ಲ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಬೇಕಾದವು ಬೇಕಾದಷ್ಟು ತಿನ್ನುತ್ತವೆ. ನುಗ್ಗೆಸೊಪ್ಪನ್ನು ಕಟ್ಟು ಕಟ್ಟಿ ಎಟುಕುವ ಎತ್ತರಕ್ಕೆ ನೇತುಹಾಕಿ. ಹಾರಿ ಹಾರಿ ಕೀಳುವುದರಲ್ಲಿ ಕೊಬ್ಬೂ ಕರಗುತ್ತೆ, ಹಳದಿಗೆ ಬಣ್ಣವೂ ಬರುತ್ತೆ.